ಎಲ್ಕ್ ಜಾಡು ಹಿಡಿದು

ಕಡವೆಯನ್ನು ನೋಡಿದವರಿಗೆ ಎಲ್ಕ್ ಹೇಗಿರುತ್ತದೆಂದು ಹೇಳುವುದು ಸುಲಭ. ಅದೂ ಕಡವೆಯಂಥದೇ ದೊಡ್ಡ ಜಿಂಕೆ. ಆದರೆ ಮೈಬಣ್ಣ ಒಣಹುಲ್ಲಿನಂತೆ ತಿಳಿ, ಕುತ್ತಿಗೆಯ ಸುತ್ತ ಮಾತ್ರ ಕಡುಕಂದು ಕೂದಲು, ಹಿಂಭಾಗದಲ್ಲಿ ಮಾಸಲು ಬಿಳಿಯ ಒಂದು ದೊಡ್ಡ ತೇಪೆ. ಆ ಬಿಳಿ ಹಿಂಭಾಗ ನೋಡಿಯೇ ಅಮೆರಿಕದ ಶಾನಿ ಎಂಬ ಮೂಲನಿವಾಸಿಗಳು ಅದನ್ನು ‘ವಾಪಿಟಿ’ ಎಂದು ಕರೆದರು. ಗಂಡು ಎಲ್ಕ್ ಭುಜದ ಹತ್ತಿರ 5 ಅಡಿ ಎತ್ತರವಿರುತ್ತದೆ, 300 ಕಿಲೋಗೂ ಹೆಚ್ಚು ತೂಗುತ್ತದೆ. ತಲೆಯ ಮೇಲಿನ ಕೊಂಬಿನ ಜೋಡಿಯೇ 15–18 ಕಿಲೋ ಇರುವುದುಂಟು. ಅಷ್ಟನ್ನೂ ಪ್ರತಿ ವರ್ಷ ಉದುರಿಸಿ ಹೊಸದಾಗಿ ಬೆಳೆಸಿಕೊಳ್ಳುತ್ತದೆ! ಹೆಸರಿನದು ಮಾತ್ರ ಸ್ವಲ್ಪ ಗೋಜಲು. ಯೂರೋಪಿನವರು ಎಲ್ಕ್ ಎನ್ನುವುದು ಮೂಸ್ ಎಂಬ ಬೇರೆಯೇ ಪ್ರಾಣಿಗೆ. ಬ್ರಿಟಿಷರ ಕಾಲದಲ್ಲಿ ದಕ್ಷಿಣ ಭಾರತದ ತೋಟದ ದೊರೆಗಳು ನಮ್ಮ ಕಡವೆಯನ್ನೇ ಎಲ್ಕ್ ಎನ್ನುತ್ತಿದ್ದರು. ನಾನು ಹೇಳಹೊರಟಿರುವುದು ಅಮೆರಿಕದ ಎಲ್ಕ್ ವಿಷಯ. ನಮ್ಮ ದೇಶದಲ್ಲಿ ಅದಕ್ಕೆ ಹತ್ತಿರದ ಬಂಧು ಎಂದರೆ ಕಾಶ್ಮೀರದ ದಾಚಿಗಾಮ್ ಕಾಡಿನ ಹಂಗುಲ್.

ನನ್ನ ಮಗಳ ಮನೆ ಇರುವುದು ಕೊಲರಾಡೋ ರಾಜ್ಯದ ಫೋರ್ಟ್ ಕಾಲಿನ್ಸ್ ಊರಿನಲ್ಲಿ. ಪಶ್ಚಿಮಕ್ಕೆ ನೋಡಿದರೆ ಸಾಲು ಸಾಲಾಗಿ ರಾಕಿ ಪರ್ವತಗಳು. ಅಮೆರಿಕದಲ್ಲಿ ಅತಿ ಹೆಚ್ಚು ಎಲ್ಕ್ ಇರುವ ರಾಜ್ಯ ಕೊಲರಾಡೋ. ಎರಡೂವರೆ ಲಕ್ಷಕ್ಕೂ ಮಿಗಿಲು ಎನ್ನುತ್ತಾರೆ. ಇಷ್ಟಿದ್ದ ಮೇಲೆ ರಸ್ತೆ ಬದಿಯಲ್ಲೇ ಕಾಣಬೇಕಲ್ಲ ಎಂದು ನಿಮಗೆ ಅನ್ನಿಸಬಹುದು. ಕೆಲವು ಕಡೆ ಕಾಣುತ್ತವೆ ಕೂಡ. ಆದರೆ ಕಾಡಿನ ಎಲ್ಕ್ ಮನುಷ್ಯನ ವಾಸನೆ ಸಿಕ್ಕಿತೆಂದರೆ ಗುಡ್ಡ ದಾಟಿ ಇನ್ನೊಂದು ಕಣಿವೆಗೆ ಹೋಗಿಬಿಡುತ್ತದೆ. ಅಂಥದ್ದನ್ನು ಹುಡುಕಿ ನೋಡುವುದೇ ಒಂದು ವಿದ್ಯೆ. ಕಳೆದ ವರ್ಷ ಜುಲೈನಿಂದ ನವೆಂಬರ್‌ವರೆಗೆ ಅಲ್ಲಿದ್ದಾಗ ನಾನು ಮತ್ತು ಹನ್ನೊಂದು ವರ್ಷದ ಮೊಮ್ಮಗ ಆ ವಿದ್ಯೆಯ ಒಂದನೇ ತರಗತಿಗೆ ಸೇರಿದೆವು. ಮೇಷ್ಟ್ರು ಪಕ್ಕದ ಮನೆಯವರು. ಅಂಚೆ ಇಲಾಖೆಯಿಂದ ನಿವೃತ್ತರು, ನನಗಿಂತ ಎರಡು ವರ್ಷ ದೊಡ್ಡವರು, ಎಡ ಮೊಣಕಾಲು ಸರಿಯಿಲ್ಲ.

ಮೊದಲೇ ಹೇಳಿಬಿಡುತ್ತೇನೆ, ಅವರು ಬೇಟೆಗಾರರು. ಮಕ್ಕಳೇ, ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ಬೇಟೆ ಅಪರಾಧ. ಅಲ್ಲಿಯ ಪದ್ಧತಿ ಬೇರೆ. ಯಾವ ಪ್ರದೇಶದಲ್ಲಿ, ಯಾವ ವಾರದಲ್ಲಿ, ಗಂಡೋ ಹೆಣ್ಣೋ, ಎಷ್ಟು ಎಂದು ಸರ್ಕಾರ ಲೆಕ್ಕ ಹಾಕಿ ಪರವಾನಗಿ ಕೊಡುತ್ತದೆ. ಎಷ್ಟೋ ಕಡೆ ಅರ್ಜಿ ಹಾಕಿ ಚೀಟಿ ಎತ್ತಿದಾಗ ಹೆಸರು ಬಂದರೆ ಮಾತ್ರ ಸಿಕ್ಕೀತು. ಒಂದು ಪರವಾನಗಿಗೆ ಒಂದೇ ಪ್ರಾಣಿ. ಕೊಂದ ಮೇಲೆ ತಿನ್ನುವ ಮಾಂಸವನ್ನು ಕಾಡಿನಲ್ಲೇ ಬಿಟ್ಟು ಬಂದರೆ ಅದೂ ಅಪರಾಧ. 1949ರ ಜನವರಿ 1 ಅಥವಾ ಅದರ ನಂತರ ಹುಟ್ಟಿದ ಪ್ರತಿಯೊಬ್ಬರೂ ಬೇಟೆಯ ಪಾಠದಲ್ಲಿ ಪಾಸಾಗಿ ಕಾರ್ಡು ತೋರಿಸಬೇಕು. ನಮ್ಮ ಮೇಷ್ಟ್ರು ಅದಕ್ಕೂ ಮುಂಚೆ ಹುಟ್ಟಿದವರು. ಆದರೂ ಪರೀಕ್ಷೆ ಬರೆದು ಕಾರ್ಡು ಇಟ್ಟುಕೊಂಡಿದ್ದರು. ನಾನು ಮಾಂಸ ತಿನ್ನುವವನಲ್ಲ, ಬಂದೂಕು ಮುಟ್ಟಿದವನೂ ಅಲ್ಲ. ನನಗೂ ಮೊಮ್ಮಗನಿಗೂ ಬೇಕಿದ್ದದ್ದು ನೋಡುವುದಷ್ಟೇ. ಆದರೆ ನೋಡುವವನೂ ಬೇಟೆಗಾರನೂ ಹಿಡಿಯುವ ದಾರಿ ಕೊನೆಯ ಹೆಜ್ಜೆಯ ತನಕ ಒಂದೇ.

ಆ ದಾರಿಗೆ ಏನೇನು ಬೇಕು ಎಂದು ತಿಳಿಯಲು ಅಳಿಯ ನಮ್ಮನ್ನು ಒಂದು ದೊಡ್ಡ ಅಂಗಡಿಗೆ ಕರೆದುಕೊಂಡು ಹೋದ. ಅಬ್ಬಬ್ಬಾ! ಮರಕ್ಕೆ ಕಟ್ಟುವ ಕ್ಯಾಮೆರಾಗಳು, ಅವು ಕಾಡಿನಿಂದಲೇ ಫೋನಿಗೆ ಚಿತ್ರ ಕಳಿಸುತ್ತವಂತೆ, ಅದಕ್ಕೆ ತಿಂಗಳ ಬಾಡಿಗೆ ಬೇರೆ. ಮೈವಾಸನೆ ಹೊರಗೆ ಬಿಡದ ಅಂಗಿ. ಕತ್ತಲಲ್ಲಿ ಮೈಯ ಶಾಖ ಹಿಡಿಯುವ ದುರ್ಬೀನು. ಸಾಮಾನ್ಯ ದುರ್ಬೀನುಗಳಲ್ಲೇ ಒಂದರ ಬೆಲೆ 2,000 ಡಾಲರ್ ದಾಟಿತ್ತು. ಅಷ್ಟು ಹಣಕ್ಕೆ ನಮ್ಮೂರಲ್ಲಿ ಎರಡು ಒಳ್ಳೆಯ ಹಸು ಬರುತ್ತವೆ. ಮೊಮ್ಮಗನ ಕಣ್ಣೆಲ್ಲ ಕ್ಯಾಮೆರಾಗಳ ಮೇಲೆ. ಅಳಿಯ ಜೇಬಿಗೆ ಕೈ ಹಾಕುವುದರಲ್ಲಿದ್ದ. ಮೊದಲು ಪಕ್ಕದ ಮನೆಯವರನ್ನು ಕೇಳೋಣ ಎಂದು ನಾನೇ ತಡೆದೆ. ನಲವತ್ತು ವರ್ಷ ಬ್ಯಾಂಕಿನ ಕೌಂಟರಿನಲ್ಲಿ ಕುಳಿತವನಿಗೆ ಇನ್ನೊಬ್ಬರ ದುಡ್ಡಿನ ಮೇಲೂ ಮಮಕಾರ ಇರುತ್ತದೆ.

ಮೇಷ್ಟ್ರು ಕೇಳಿ ನಕ್ಕರು. ಅವರ ಮಗನೂ ನಾಲ್ಕು ಕ್ಯಾಮೆರಾ ಕಟ್ಟಿದ್ದಾನಂತೆ. ಗಾಳಿಗೆ ಅಲ್ಲಾಡುವ ಹುಲ್ಲಿನ ಚಿತ್ರ, ಅಲ್ಲಿ ಮೇಯಲು ಬಿಟ್ಟ ದನಗಳ ಚಿತ್ರ, ಚಾರಣಿಗರ ಬೆನ್ನಿನ ಚಿತ್ರ ನೂರಾರು ಬಂದಿವೆ. ಎಲ್ಕ್ ಚಿತ್ರವೂ ಒಂದೆರಡು ಬಂದವೆನ್ನಿ. ಆದರೆ ಆ ಎಲ್ಕ್ ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು, ಯಾಕೆ ಹೋಯಿತು ಎನ್ನುವುದನ್ನು ಕ್ಯಾಮೆರಾ ಹೇಳುವುದಿಲ್ಲ. ಅದು ಒಂದು ಮರದ ಮುಂದಿನ ನಾಲ್ಕು ಮಾರು ಜಾಗ ನೋಡುತ್ತದೆ, ಅಷ್ಟೆ. ಪಕ್ಕದ ಅರಿಜೋನಾ ರಾಜ್ಯದಲ್ಲಿ ಬೇಟೆಗೆ ಇಂಥ ಕ್ಯಾಮೆರಾ ಬಳಸುವುದನ್ನು 2022ರ ಜನವರಿ 1ರಿಂದ ನಿಷೇಧಿಸಿಯೂ ಬಿಟ್ಟಿದ್ದಾರೆ.

ಹಾಗಾದರೆ ಏನು ಕೊಳ್ಳಬೇಕು? ಒಳ್ಳೆಯ ಬೂಟು, ದಪ್ಪ ಉಣ್ಣೆಯ ಕಾಲುಚೀಲ, ಮಳೆ ಅಂಗಿ, ನೀರಿನ ಬಾಟಲಿ, ಹುಡುಗನ ಕೊರಳಿಗೆ ಒಂದು ಸೀಟಿ. ಮನೆಯಲ್ಲಿದ್ದ ಹಳೆಯ ಸಾಧಾರಣ ದುರ್ಬೀನು ಸಾಕೆಂದರು. ಬೂಟಿನಲ್ಲಿ ಮಾತ್ರ ಜಿಪುಣತನ ಬೇಡ ಎಂದರು. ನಾನು ಕೊಂಡ ಬೂಟಿನ ಬೆಲೆಯನ್ನು ಇನ್ನೂ ನನ್ನ ಹೆಂಡತಿಗೆ ಹೇಳಿಲ್ಲ, ಇದನ್ನು ಓದಿಯೂ ಆಕೆಗೆ ಗೊತ್ತಾಗುವುದಿಲ್ಲ.

ಮೊದಲ ಪಾಠ ಕಾಡಿನಲ್ಲಲ್ಲ, ಅವರ ಅಡುಗೆಮನೆಯ ಮೇಜಿನ ಮೇಲೆ ನಡೆಯಿತು. ಅಮೆರಿಕದ ಭೂವಿಜ್ಞಾನ ಸಮೀಕ್ಷಾ ಸಂಸ್ಥೆಯ ನಕ್ಷೆಗಳು ಯಾರಿಗೆ ಬೇಕಾದರೂ ಪುಕ್ಕಟೆ ಸಿಗುತ್ತವೆ. ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಕಂದು ಗೆರೆಗಳು ಅದರ ತುಂಬ ಇರುತ್ತವೆ; ಶಾಲೆಯಲ್ಲಿ ಸಮೋನ್ನತಿ ರೇಖೆ ಎಂದು ಓದಿರುತ್ತೀರಿ. ಗೆರೆಗಳು ಒತ್ತೊತ್ತಾಗಿದ್ದರೆ ಕಡಿದಾದ ಇಳಿಜಾರು, ದೂರ ದೂರವಿದ್ದರೆ ಮಟ್ಟಸ ಜಾಗ. ಎರಡು ಗುಡ್ಡಗಳ ನಡುವೆ ಕುದುರೆಯ ಜೀನಿನ ಹಾಗೆ ತಗ್ಗಿರುವ ಜಾಗವೂ ಗೆರೆಗಳಲ್ಲಿ ಗೊತ್ತಾಗುತ್ತದೆ. ಮನುಷ್ಯನಾಗಲಿ ಪ್ರಾಣಿಯಾಗಲಿ ಗುಡ್ಡ ದಾಟಬೇಕಾದರೆ ತುದಿ ಹತ್ತಿ ಇಳಿಯುವುದಿಲ್ಲ, ಆ ತಗ್ಗನ್ನೇ ಹಿಡಿಯುತ್ತದೆ. ಮೇಷ್ಟ್ರು ಮೊಮ್ಮಗನ ಕೈಗೆ ಪೆನ್ಸಿಲ್ ಕೊಟ್ಟು ಮೂರು ಪ್ರಶ್ನೆ ಹಾಕಿದರು. ತಿನ್ನಲು ಹುಲ್ಲು ಎಲ್ಲಿದೆ? ಕುಡಿಯಲು ನೀರು ಎಲ್ಲಿದೆ? ಹಗಲು ಮಲಗಲು ತಂಪು ನೆರಳು ಎಲ್ಲಿದೆ? ಎಲ್ಕ್ ಕೂಡ ನಮ್ಮ ಹಸುವಿನ ಹಾಗೆ ಮೆಲುಕು ಹಾಕುವ ಪ್ರಾಣಿ. ಇರುಳು ಮತ್ತು ನಸುಕಿನಲ್ಲಿ ಬಯಲಿನಲ್ಲಿ ಮೇಯ್ದು, ಬಿಸಿಲೇರುವ ಮೊದಲು ದಟ್ಟ ಮರಗಳ ನಡುವೆ ಸೇರಿ, ಮಲಗಿ ಮೆಲುಕು ಹಾಕುತ್ತದೆ.

ಇಲ್ಲಿ ಒಂದು ವಿಚಿತ್ರ. ಅಲ್ಲಿ ಸೂರ್ಯ ಯಾವಾಗಲೂ ದಕ್ಷಿಣದ ಕಡೆಗೇ ವಾಲಿರುತ್ತಾನೆ. ಹಾಗಾಗಿ ಗುಡ್ಡದ ದಕ್ಷಿಣ ಮೈಗೆ ಬಿಸಿಲು ಹೆಚ್ಚು. ಹುಲ್ಲು, ಚದುರಿದ ಪೈನ್ ಮರಗಳು. ಉತ್ತರದ ಮೈ ತಂಪು. ಅಲ್ಲಿ ಮರಗಳು ಬಾಚಣಿಗೆಯ ಹಲ್ಲಿನಂತೆ ಒತ್ತಾಗಿ ಬೆಳೆಯುತ್ತವೆ. ಒಂದೇ ಗುಡ್ಡದ ಒಂದು ಮಗ್ಗುಲು ಊಟದ ಮನೆ, ಇನ್ನೊಂದು ಮಗ್ಗುಲು ಮಲಗುವ ಕೋಣೆ. ನಡುವೆ ಅವು ಓಡಾಡುವ ದಾರಿ ಹುಡುಕಿದರೆ ಮುಕ್ಕಾಲು ಕೆಲಸ ಆದಂತೆ. ಮೊಮ್ಮಗ ನಕ್ಷೆಯ ಮೇಲೆ ಐದು ಜಾಗ ಗುರುತು ಹಾಕಿದ. ಎಲ್ಲವೂ ಪೂಡರ್ ನದಿಯ ಕಣಿವೆಯ ಮೇಲಿನ ರೂಸ್‌ವೆಲ್ಟ್ ರಾಷ್ಟ್ರೀಯ ಅರಣ್ಯದಲ್ಲಿ. ಅದು ಸಾರ್ವಜನಿಕ ಕಾಡು, ಯಾರು ಬೇಕಾದರೂ ನಡೆಯಬಹುದು.

ಮೊದಲ ದಿನ ಕಾಡಿಗೆ ಹೋದಾಗ ನನಗೆ ಹೊಸ ಕಾಡು ಹೊಕ್ಕಂತೆ ಅನ್ನಿಸಲಿಲ್ಲ. ಮಲೆನಾಡಿನಲ್ಲಿ ಬೆಳೆದ ನನ್ನ ವಯಸ್ಸಿನವರಿಗೆ ಗೊತ್ತು, ಸಂಜೆ ಹಟ್ಟಿಗೆ ಬಾರದ ಹಸುವನ್ನು ಹುಡುಕಿಕೊಂಡು ಹೋಗುವುದೇ ನಮ್ಮ ಆಟವಾಗಿತ್ತು. ಗೊರಸಿನ ಗುರುತು, ಸಗಣಿಯ ಹಸಿ, ಮುರಿದ ಕಡ್ಡಿ, ಕೊರಳ ಗಂಟೆ. ಯಾವ ಹಸು ಎಂದೂ ಹೇಳುತ್ತಿದ್ದೆವು. ಮೇಷ್ಟ್ರು ಮಣ್ಣಿನಲ್ಲಿ ಒಂದು ಗುರುತು ತೋರಿಸಿ ಹುಡುಗನಿಗೆ ‘ಇದೇನು?’ ಎಂದರು. ಅವನು ಎಲ್ಕ್ ಎಂದು ಕೂಗಿದ. ‘ದನ’ ಎಂದೆ ನಾನು. ದನದ ಹೆಜ್ಜೆ ದುಂಡಗೆ, ಅಗಲ. ಎಲ್ಕ್ ಹೆಜ್ಜೆ ಅದಕ್ಕಿಂತ ನೀಳ, ಸುಮಾರು 4 ಅಂಗುಲ ಉದ್ದ. ಅಲ್ಲಿಯ ಮ್ಯೂಲ್ ಜಿಂಕೆಯದು 3 ಅಂಗುಲದಷ್ಟು, ಮುಂದೆ ಚೂಪು. ಅಂದಿನಿಂದ ಮೇಷ್ಟ್ರು ನನ್ನನ್ನೂ ಸ್ವಲ್ಪ ಗೌರವದಿಂದ ನೋಡತೊಡಗಿದರು.

ಹೆಜ್ಜೆ ಸಿಕ್ಕಿದರೆ ಸಾಲದು, ಯಾವಾಗಿನದು ಎಂದು ತಿಳಿಯಬೇಕು. ಇದು ನನಗೆ ಬಹಳ ಹಿಡಿಸಿದ ಭಾಗ; ಬ್ಯಾಂಕಿನಲ್ಲಿ ಲೆಕ್ಕ ತಾಳೆ ನೋಡುವ ಹಾಗೆಯೇ. ನಿನ್ನೆ ಮಧ್ಯಾಹ್ನ ಮೂರಕ್ಕೆ ಮಳೆ ಬಂದು ನಿಂತಿದೆ. ಹೆಜ್ಜೆಯೊಳಗೆ ಹನಿ ಬಿದ್ದ ಚಿಕ್ಕ ಚಿಕ್ಕ ಗುಳಿಗಳಿದ್ದರೆ ಅದು ಮಳೆಗೆ ಮುಂಚಿನದು. ಗುಳಿಯಿಲ್ಲದೆ ಅಂಚು ಚಾಕುವಿನಿಂದ ಕೊಯ್ದಂತಿದ್ದರೆ ಮಳೆಯ ನಂತರದ್ದು. ಅಂಚು ಒಣಗಿ ಮಣ್ಣು ಉದುರಿ, ಮೇಲೆ ಪೈನ್ ಎಲೆಯ ಸೂಜಿ ಬಿದ್ದಿದ್ದರೆ ಹಳೆಯದು. ಹಿಕ್ಕೆಯೂ ಹಾಗೇ. ಹೊಳಪಿದ್ದು ಒಳಗೆ ಹಸಿರಾಗಿದ್ದರೆ ಹೊಸದು. ಬೇಸಿಗೆಯಲ್ಲಿ ಹಸಿ ಹುಲ್ಲು ತಿಂದಾಗ ಹಿಕ್ಕೆ ಮೆತ್ತಗೆ ಮುದ್ದೆಯಾಗಿ, ಚಳಿಗಾಲದಲ್ಲಿ ಒಣ ಆಹಾರ ತಿಂದಾಗ ಬಿಡಿ ಬಿಡಿ ಗೋಲಿಗಳಾಗಿ ಬೀಳುತ್ತದೆ. ಬೇಸಿಗೆಯ ಹುಲ್ಲುಗಾವಲಿನಲ್ಲಿ ಗೋಲಿ ಗೋಲಿ ಹಿಕ್ಕೆಯ ರಾಶಿ ಕಂಡರೆ ‘ಇಲ್ಲಿ ಎಲ್ಕ್ ಇವೆ’ ಎಂದು ಹಿಗ್ಗಬಾರದು. ಚಳಿಗಾಲದಲ್ಲಿ ಇದ್ದವು ಎಂದಷ್ಟೇ ಅದರ ಅರ್ಥ.

ಮರಗಳೂ ಸಾಕ್ಷಿ ಹೇಳುತ್ತವೆ. ಆಸ್ಪೆನ್ ಎಂಬ ಬಿಳಿ ತೊಗಟೆಯ ಚೆಂದದ ಮರಗಳ ಬುಡದಲ್ಲಿ, ಆಳೆತ್ತರದವರೆಗೆ ಕಪ್ಪು ಕಲೆಗಳು. ಚಳಿಗಾಲದಲ್ಲಿ ಹುಲ್ಲು ಹಿಮದಡಿ ಹೋದಾಗ ಎಲ್ಕ್ ಹಲ್ಲಿನಿಂದ ತೊಗಟೆ ಕೆರೆದು ತಿಂದ ಗಾಯ ಮಾಗಿದ ಗುರುತು ಅದು. ಆಗಸ್ಟ್ ಕೊನೆಗೆ ಗಂಡುಗಳು ಕೊಂಬಿನ ಮೇಲಿನ ಮಖಮಲ್ಲಿನಂಥ ಚರ್ಮ ಕಳಚಿಕೊಳ್ಳುತ್ತವೆ. ಎಳೆಯ ಪೈನ್ ಮರಗಳಿಗೆ ಕೊಂಬು ತಿಕ್ಕಿ ತೊಗಟೆ ಸುಲಿದು ಹಾಕುತ್ತವೆ. ಸುಲಿದ ಜಾಗಕ್ಕೆ ಬೆರಳಿಟ್ಟು ನೋಡಿ, ಅಂಟು ಇನ್ನೂ ಹಸಿ ಇದ್ದರೆ ಆತ ದೂರ ಹೋಗಿಲ್ಲ. ಇನ್ನು ಕೆಸರಿನ ಹೊಂಡ. ಬೆದೆಯ ಕಾಲ ಹತ್ತಿರವಾದಾಗ ಗಂಡು ಎಲ್ಕ್ ಒರತೆಯ ಕೆಸರಿನಲ್ಲಿ ಉಚ್ಚೆ ಹೊಯ್ದು ಎಮ್ಮೆಯ ಹಾಗೆ ಹೊರಳುತ್ತದೆ. ಅದೇ ಅದರ ಅತ್ತರು. ಆ ವಾಸನೆ ಮೊದಲು ಹಿಡಿದದ್ದು ನನ್ನ ಮೂಗು. ಮಳೆಗಾಲದಲ್ಲಿ ಗುಡಿಸದೆ ಬಿಟ್ಟ ಕೊಟ್ಟಿಗೆಯ ನಾತ! ಮೊಮ್ಮಗನಿಗೆ ಕೊಟ್ಟಿಗೆ ಎಂದರೇನೆಂದೇ ಗೊತ್ತಿಲ್ಲ, ಅವನು ಮೂಗು ಮುಚ್ಚಿಕೊಂಡ. ಕಿವಿಯ ಕೆಲಸ ಮಾತ್ರ ಅವನದು. ನನ್ನ ಕಿವಿ ಈಗ ಮೊದಲಿನಷ್ಟು ಚುರುಕಿಲ್ಲ, ಸಣ್ಣ ದನಿಗಳು ತಪ್ಪಿಹೋಗುತ್ತವೆ. ಹೀಗೆ ಅಜ್ಜನ ಮೂಗು, ಮೊಮ್ಮಗನ ಕಿವಿ, ಮೇಷ್ಟ್ರ ತಲೆ ಸೇರಿ ಒಂದು ಪೂರ್ತಿ ಬೇಟೆಗಾರನಾಯಿತು.

ಎಲ್ಲಕ್ಕಿಂತ ಮುಖ್ಯ ಪಾಠ ಗಾಳಿಯದು. ಕಣ್ಣಿಗೆ ಮೋಸ ಮಾಡಬಹುದು, ಮರದ ಹಿಂದೆ ಅಡಗಿದರಾಯಿತು. ಎಲ್ಕ್ ಮೂಗಿಗೆ ಮೋಸ ಮಾಡುವ ಅಂಗಿ ಯಾವ ಅಂಗಡಿಯಲ್ಲೂ ಇಲ್ಲ ಎನ್ನುತ್ತಿದ್ದರು ಮೇಷ್ಟ್ರು. ಬೆಟ್ಟದಲ್ಲಿ ಗಾಳಿಗೆ ದಿನಚರಿ ಇದೆ. ರಾತ್ರಿಯಿಂದ ನಸುಕಿನವರೆಗೆ ತಂಪು ಗಾಳಿ ಭಾರವಾಗಿ ನೀರಿನಂತೆ ಇಳಿಜಾರಿನಲ್ಲಿ ಕೆಳಕ್ಕೆ ಹರಿಯುತ್ತದೆ. ಬಿಸಿಲು ಬಿದ್ದು ನೆಲ ಕಾದಂತೆ ಅದೇ ಗಾಳಿ ಹಗುರಾಗಿ ಮೇಲಕ್ಕೇರುತ್ತದೆ. ಸಂಜೆ ಮತ್ತೆ ಕೆಳಕ್ಕೆ. ಬೆಳಗಿನ ಹೊತ್ತು ಪ್ರಾಣಿಗಿಂತ ಮೇಲೆ ನಿಂತರೆ ನಿಮ್ಮ ವಾಸನೆ ಉರುಳಿಕೊಂಡು ಅದರ ಮೂಗಿಗೇ ಹೋಗುತ್ತದೆ. ಗಾಳಿಯ ದಿಕ್ಕು ನೋಡಲು ಮೇಷ್ಟ್ರ ಬಳಿ ನುಣುಪಾದ ಪುಡಿ ತುಂಬಿದ ಸಣ್ಣ ಬಾಟಲಿ ಇತ್ತು. ಒತ್ತಿದರೆ ಪುಸ್ ಎಂದು ಒಂದಿಷ್ಟು ಹೊಗೆಯಂತೆ ಬಂದು ಗಾಳಿಯಲ್ಲಿ ತೇಲುತ್ತದೆ. ಒಂದು ದಿನ ಅದು ಮುಗಿದಾಗ ನಾನು ಜೇಬಿನಿಂದ ವಿಭೂತಿಯ ಪೊಟ್ಟಣ ತೆಗೆದೆ. ಅದಕ್ಕಿಂತ ಚೆನ್ನಾಗಿ ತೇಲಿತು. ಆಮೇಲೆ ಅದೇ ಕಾಯಂ. ದೇವರ ಪ್ರಸಾದವನ್ನು ಮಿಕದ ಮೂಗು ತಪ್ಪಿಸಲು ಬಳಸುವುದೇ ಎಂದು ಮನೆಯಲ್ಲಿ ಆಕ್ಷೇಪ ಬಂತು, ನಿಜ.

ನಾನು ಕೊಟ್ಟ ಇನ್ನೊಂದು ಸಲಕರಣೆ ಒಂದು ಲೆಕ್ಕದ ಪುಸ್ತಕ. ಗೆರೆ ಎಳೆದು ಅಂಕಣ ಮಾಡಿಕೊಟ್ಟೆ: ತಾರೀಕು, ಗಂಟೆ, ಜಾಗ, ಗಾಳಿ, ಮೋಡ, ಕಂಡ ಗುರುತು, ಕಂಡ ಪ್ರಾಣಿ. ಏನೂ ಕಾಣದ ದಿನವೂ ಬರೆಯಲೇಬೇಕು, ಸೊನ್ನೆಯೂ ಒಂದು ಅಂಕಿಯೇ. ಮೊದಮೊದಲು ಅವನಿಗೆ ಬೇಸರ. ‘ಅಜ್ಜ, ಫೋಟೋ ತೆಗೆದರೆ ಸಾಕಲ್ಲ’ ಎನ್ನುತ್ತಿದ್ದ. ಒಂಬತ್ತು ಸಲ ಹೋದೆವು. ಏಳು ಸಲ ‘ಕಂಡ ಪ್ರಾಣಿ’ ಅಂಕಣದಲ್ಲಿ ಸೊನ್ನೆ, ಎರಡು ಸಲ ಮರಗಳ ನಡುವೆ ಮಾಯವಾದ ಹಿಂಭಾಗ. ಕಾಲುನೋವು, ಸೊಳ್ಳೆ, ಮೇಲಾಗಿ ಎತ್ತರ. ನಾವು ನಡೆದಾಡುತ್ತಿದ್ದ ಗುಡ್ಡಗಳು ನಮ್ಮ ಮುಳ್ಳಯ್ಯನಗಿರಿಗಿಂತ ಎಷ್ಟೋ ಎತ್ತರ. ಹತ್ತು ಹೆಜ್ಜೆಗೆ ಒಮ್ಮೆ ನಿಂತು ಉಸಿರು ತೆಗೆದುಕೊಳ್ಳಬೇಕು. ಬೇಸಿಗೆಯಲ್ಲಿ ಮಧ್ಯಾಹ್ನವಾದರೆ ಗುಡುಗು ಸಿಡಿಲು. ಅದರೊಳಗೆ ಬೋಳು ಏಣುಗಳಿಂದ ಇಳಿದಿರಲೇಬೇಕು ಎನ್ನುವುದು ಮೇಷ್ಟ್ರ ಕಟ್ಟಪ್ಪಣೆ.

ನಡುವೆ ಒಂದು ಭಾನುವಾರ ಅಳಿಯ ನಮ್ಮನ್ನು ಎಸ್ಟೆಸ್ ಪಾರ್ಕ್ ಎಂಬ ಊರಿಗೆ ಕರೆದುಕೊಂಡು ಹೋದ. ರಾಕಿ ಮೌಂಟನ್ ರಾಷ್ಟ್ರೀಯ ಉದ್ಯಾನದ ಹೆಬ್ಬಾಗಿಲಿನಲ್ಲಿರುವ ಊರು, 7,522 ಅಡಿ ಎತ್ತರ. ಅಲ್ಲಿ ಎಲ್ಕ್‌ಗಳು ಗಾಲ್ಫ್ ಮೈದಾನದಲ್ಲಿ ಮೇಯುತ್ತವೆ, ರಸ್ತೆ ದಾಟುತ್ತವೆ, ಕಾರುಗಳು ನಿಂತು ದಾರಿ ಬಿಡುತ್ತವೆ. ನೂರು ವರ್ಷದ ಹಿಂದೆ ಆ ಕಣಿವೆಯಲ್ಲಿ ಬೇಟೆಯಾಡಿ ಆಡಿ ಎಲ್ಕ್ ಹೆಚ್ಚುಕಡಿಮೆ ಇಲ್ಲವಾಗಿದ್ದವಂತೆ. 1913–14ರಲ್ಲಿ ಯೆಲ್ಲೋಸ್ಟೋನ್‌ನಿಂದ ತಂದು ಬಿಟ್ಟರು, 1915ರಲ್ಲಿ ಉದ್ಯಾನವಾಯಿತು, ಈಗ ಬೇಕಾದಷ್ಟಿವೆ. ಉದ್ಯಾನದೊಳಗೆ ಬೇಟೆಯಿಲ್ಲ. ನೋಡುವವರೂ 75 ಅಡಿ ದೂರದಲ್ಲೇ ನಿಲ್ಲಬೇಕು. ಅವುಗಳಂತೆ ಕೂಗಿ ಕರೆಯುವುದೂ ತಪ್ಪು. ಆದರೂ ಜನ ಫೋನ್ ಹಿಡಿದು ಹತ್ತಿರ ಹತ್ತಿರ ಹೋಗುತ್ತಾರೆ. ಬೆದೆಯಲ್ಲಿರುವ ಗಂಡು ನುಗ್ಗಿ ಬಂದರೆ ಕಾರಿನ ಬಾಗಿಲೂ ಉಳಿಯುವುದಿಲ್ಲ. ಒಂದೇ ಗಂಟೆಯಲ್ಲಿ ನಲವತ್ತು ಎಲ್ಕ್ ನೋಡಿದೆವು. ಮನೆಗೆ ಬಂದು ಹುಡುಗ ಪುಸ್ತಕ ತೆರೆಯಲಿಲ್ಲ. ಯಾಕೋ ಎಂದರೆ, ‘ಅವನ್ನು ನಾವು ಹುಡುಕಲಿಲ್ಲವಲ್ಲ’ ಎಂದ.

ಸೆಪ್ಟೆಂಬರ್ ಮೂರನೆಯ ವಾರ ಪುಸ್ತಕ ಹರಡಿಕೊಂಡು ಕುಳಿತೆವು. ಅಲ್ಲಿ ಏನೋ ಕಾಣತೊಡಗಿತು. ಐದು ಜಾಗಗಳಲ್ಲಿ ಎರಡರಲ್ಲಿ ಹಳೆಯ ಗುರುತು ಮಾತ್ರ. ಒಂದರಲ್ಲಿ ಎಲ್ಲಾ ದನ. ನಾಲ್ಕನೆಯದರಲ್ಲಿ ಹೊಸ ಗುರುತು ಧಾರಾಳ. ಆದರೆ ಮೇಷ್ಟ್ರು ಅದನ್ನು ತಮ್ಮ ಪಟ್ಟಿಯಿಂದ ಹೊಡೆದುಹಾಕಿದರು. ಅದು ರಸ್ತೆಯಿಂದ ನಾಲ್ಕು ಮೈಲಿ. ‘ಅಲ್ಲಿ ಹೊಡೆದರೆ ಹೊತ್ತು ತರುವವರು ಯಾರು? ನನ್ನ ಈ ಮೊಣಕಾಲೇ?’ ಎಂದರು. ಒಂದು ಹೆಣ್ಣು ಎಲ್ಕ್ 200 ಕಿಲೋ ದಾಟುತ್ತದೆ. ಬೆನ್ನ ಮೇಲೆ ಸರದಿಯಲ್ಲಿ ಹೊರುವಷ್ಟರಲ್ಲಿ ಮಾಂಸ ಕೆಟ್ಟುಹೋದರೆ ಪ್ರಾಣಿ ಸತ್ತದ್ದೂ ವ್ಯರ್ಥ. ಎಲ್ಲಿದೆ ಎಂದು ಹುಡುಕುವುದರಲ್ಲಿ ಎಲ್ಲಿ ಹುಡುಕಬಾರದು ಎನ್ನುವುದೂ ಸೇರಿದೆ ಎಂದು ನನಗೆ ಆವತ್ತು ತಿಳಿಯಿತು. ಉಳಿದ ಐದನೆಯ ಜಾಗ ರಸ್ತೆಯಿಂದ ಒಂದು ಮೈಲಿಯಷ್ಟೆ. ಅಲ್ಲಿನ ಜೀನಿನಾಕಾರದ ತಗ್ಗಿನಲ್ಲಿ ಬೇರೆ ಬೇರೆ ನಾಲ್ಕು ದಿನ, ಆ ದಿನದ ಬೆಳಗಿನದೇ ಎನ್ನಬಹುದಾದ ಹೆಜ್ಜೆಗಳು ಸಿಕ್ಕಿದ್ದವು. ಎಲ್ಲವೂ ಬಯಲಿನಿಂದ ಉತ್ತರದ ಮಗ್ಗುಲ ಕಾಡಿನ ಕಡೆಗೆ. ಹಿಂದಿರುಗುವ ಹೆಜ್ಜೆ ಅಲ್ಲಿಲ್ಲ. ಅಂದರೆ ಸಂಜೆ ಅವು ಬೇರೆ ದಾರಿಯಲ್ಲಿ ಇಳಿಯುತ್ತವೆ. ಇದನ್ನು ಹೇಳಿದ್ದು ಹುಡುಗ, ಪುಸ್ತಕ ನೋಡಿ. ಮೇಷ್ಟ್ರಿಗೂ ಹೊಳೆದಿರಲಿಲ್ಲ.

ಹತ್ತನೆಯ ಸಲ ಕತ್ತಲಲ್ಲೇ ಹೊರಟೆವು. ತಗ್ಗಿನ ಹತ್ತಿರ ಹೋಗಲಿಲ್ಲ. ತೊರೆಯ ಈಚೆಗಿನ ಗುಡ್ಡದ ಮೈಯಲ್ಲಿ, ಸುಮಾರು 200 ಮೀಟರ್ ದೂರದಲ್ಲಿ ಬಂಡೆಗೆ ಒರಗಿ ಕುಳಿತೆವು. ನಮ್ಮ ಕಡೆಯ ಗಾಳಿ ನಮ್ಮ ಕೆಳಗಿನ ಕೊರಕಲಿಗೇ ಇಳಿದು ಹೋಗುತ್ತಿತ್ತು, ಆಚೆ ಗುಡ್ಡಕ್ಕೆ ತಾಗುತ್ತಿರಲಿಲ್ಲ. ವಿಭೂತಿ ಹಾರಿಸಿ ಎರಡು ಸಲ ಖಾತ್ರಿ ಮಾಡಿಕೊಂಡೆವು. ಚಳಿ ಎಂದರೆ ಚಳಿ. ಮೊಮ್ಮಗ ನನ್ನ ತೋಳು ಹಿಡಿದ. ಅವನಿಗೆ ಕೇಳಿಸಿತ್ತು, ನನಗೆ ಇಲ್ಲ. ಎರಡನೆಯ ಸಲ ನನಗೂ ಕೇಳಿಸಿತು. ಗಂಡು ಎಲ್ಕ್ ಕೂಗು ಗಂಟಲಲ್ಲಿ ಗುರ್ ಎಂದು ಶುರುವಾಗಿ, ಏರುತ್ತಾ ಏರುತ್ತಾ ಕೊಳಲಿನ ತುದಿಸ್ವರಕ್ಕೆ ಹೋಗಿ, ಅಲ್ಲಿ ನಿಂತು, ಮತ್ತೆ ಹುಂಕಾರಗಳಾಗಿ ಬೀಳುತ್ತದೆ. ಆನೆಗಾತ್ರದ ದನಿ ನಿರೀಕ್ಷಿಸಿದವರಿಗೆ ಸೀಟಿ ಕೇಳಿಸಿದಂತಾಗುತ್ತದೆ.

ಆಮೇಲೆ ಬಂದವು. ಮೊದಲು ಒಂದು ಮುದಿ ಹೆಣ್ಣು, ನಿಂತು ಎಲ್ಲ ಕಡೆ ನೋಡಿ ಮುಂದೆ ನಡೆಯಿತು. ಹಿಂದೆ ಉಳಿದ ಹೆಣ್ಣುಗಳು, ಆ ಬೇಸಿಗೆಯ ಕರುಗಳು, ಒಂದರ ಹಿಂದೆ ಒಂದು, ನಮ್ಮ ದನಗಳು ಹಟ್ಟಿಗೆ ಬರುವ ಹಾಗೆಯೇ. ಹುಡುಗ ಬೆರಳು ಮಡಿಸಿ ಮಡಿಸಿ ಎಣಿಸಿದ, 22. ಎಲ್ಲಕ್ಕಿಂತ ಹಿಂದೆ ಗಂಡು, ಪ್ರತಿ ಕೊಂಬಿಗೆ ಆರು ಕವಲು. ಅವನು ನಿಂತು ಇನ್ನೊಮ್ಮೆ ಕೂಗಿದಾಗ ಬಾಯಿಂದ ಹೊರಟ ಹಬೆ ಬಿಸಿಲಿಗೆ ಕಂಡಿತು. ಒಟ್ಟು 23. ಇಪ್ಪತ್ತು ನಿಮಿಷದಲ್ಲಿ ಎಲ್ಲವೂ ಕಾಡಿನೊಳಗೆ ಸೇರಿದವು. ಇನ್ನೂ ಸ್ವಲ್ಪ ಹೊತ್ತು ಕೂರೋಣ ಎಂದು ನಮ್ಮಿಬ್ಬರಿಗೂ ಆಸೆ. ಮೇಷ್ಟ್ರು ಒಂದು ಚಿಟಿಕೆ ವಿಭೂತಿ ಹಾರಿಸಿದರು, ಅದು ನೆಟ್ಟಗೆ ಮೇಲಕ್ಕೆ ಹೋಯಿತು. ಗಾಳಿ ತಿರುಗಿತ್ತು. ‘ಏಳಿ, ನಾವು ಬಂದದ್ದೇ ಅವಕ್ಕೆ ಗೊತ್ತಾಗಬಾರದು’ ಎಂದು ಎಬ್ಬಿಸಿಬಿಟ್ಟರು.

ಹುಡುಕಲು ಹೊರಟ ಮೊದಲ ದಿನವೇ ಅವರು ಹುಡುಗನಿಗೆ ಒಂದು ಮಾತು ಹೇಳಿದ್ದರು: ‘ನಾವು ಹುಡುಕಿದ ಜಾಗದಲ್ಲೇ ಅಕ್ಟೋಬರ್‌ನಲ್ಲಿ ನಾನು ಬಂದೂಕು ಹಿಡಿದು ಕೂರುತ್ತೇನೆ. ಅದು ಗೊತ್ತಿದ್ದು ಬಾ.’ ಅವನು ತಲೆಯಾಡಿಸಿದ್ದ. ಅಕ್ಟೋಬರ್‌ನಲ್ಲಿ ಮೇಷ್ಟ್ರು ಮಗನ ಜತೆ ಹೋದರು, ಕಾನೂನಿನಂತೆ ಕಣ್ಣು ಕುಕ್ಕುವ ಕಿತ್ತಳೆ ಬಣ್ಣದ ಅಂಗಿ, ಟೊಪ್ಪಿ ತೊಟ್ಟು. ಎರಡನೆಯ ಬೆಳಿಗ್ಗೆ ಒಂದು ಹೆಣ್ಣು ಎಲ್ಕ್ ಸಿಕ್ಕಿತು. ಒಂದೇ ಗುಂಡು. ಬಹಳ ಓಡಲಿಲ್ಲವಂತೆ. ಎಲ್ಲಿ ನಿಲ್ಲುತ್ತದೆ, ಎಷ್ಟು ದೂರ, ಹೇಗೆ ತಿರುಗುತ್ತದೆ ಎಂದು ಮೊದಲೇ ಗೊತ್ತಿದ್ದುದರಿಂದ ಅವಸರವಿರಲಿಲ್ಲ. ಪ್ರಾಣಿಯ ಹಾದಿ ತಿಳಿಯದವನು ದೂರದಿಂದ ಆತುರಕ್ಕೆ ಹೊಡೆದು ಗಾಯ ಮಾಡಿ ಬಿಡುತ್ತಾನೆ, ಅದು ಎಲ್ಲೋ ಹೋಗಿ ನರಳಿ ಸಾಯುತ್ತದೆ. ಅದಕ್ಕಿಂತ ದೊಡ್ಡ ಅವಮಾನ ಬೇಟೆಗಾರನಿಗಿಲ್ಲ ಎಂದು ಅವರು ಹೇಳುತ್ತಿದ್ದರು. ಮಾಂಸ ಮನೆಗೆ ಬಂತು. ಮಗ ಮೂರು ಸಲ ಹೊತ್ತ.

ಮೊಮ್ಮಗ ಬೇಲಿಯ ಹತ್ತಿರ ನಿಂತು ಕೇಳಿದ, ‘ಅದು 23ರಲ್ಲಿ ಒಂದೇ?’ ಮೇಷ್ಟ್ರು ಸುಳ್ಳು ಹೇಳಲಿಲ್ಲ. ‘ಇರಬಹುದು, ಹೆಚ್ಚುಕಡಿಮೆ ಹೌದು’ ಎಂದರು. ಹುಡುಗ ಒಳಗೆ ಬಂದು ಪುಸ್ತಕ ಮುಚ್ಚಿಟ್ಟ. ಎರಡು ದಿನ ಅದರ ಹತ್ತಿರ ಹೋಗಲಿಲ್ಲ. ನಾನು ಬುದ್ಧಿ ಹೇಳಲು ಹೋಗಲಿಲ್ಲ. ಹೇಳಲು ನನ್ನಲ್ಲಿ ಏನಿತ್ತು? ಕೇಳಿದ್ದಕ್ಕೆ ಮಾತ್ರ ಉತ್ತರ ಕೊಟ್ಟೆ. ನಮ್ಮಲ್ಲಿ ಬೇಟೆ ಇಲ್ಲ ಎಂದೆ. ಇಲ್ಲಿ ಪರವಾನಗಿಯ ಹಣದಿಂದಲೇ ವನ್ಯಜೀವಿ ಇಲಾಖೆಯ ಬಹುಪಾಲು ಕೆಲಸ ನಡೆಯುತ್ತದಂತೆ ಎಂದೂ ಹೇಳಿದೆ. ಮೂರನೆಯ ದಿನ ಪುಸ್ತಕ ತಂದು ನನ್ನ ಮುಂದಿಟ್ಟ. ‘ಅಜ್ಜ, ಇದನ್ನು ಯಾವ ಅಂಕಣದಲ್ಲಿ ಬರೆಯುವುದು?’ ಜಮೆಯ ಕಡೆಗೋ ಖರ್ಚಿನ ಕಡೆಗೋ ಎಂದು ಇಷ್ಟು ವರ್ಷದ ಸರ್ವಿಸಿನಲ್ಲಿ ನನ್ನನ್ನು ಯಾರೂ ಹೀಗೆ ಕಟ್ಟಿಹಾಕಿರಲಿಲ್ಲ. ಕೊನೆಗೆ ಅವನೇ ಒಂದು ಹೊಸ ಗೆರೆ ಎಳೆದು ‘ಹೋದದ್ದು’ ಎಂದು ತಲೆಬರಹ ಕೊಟ್ಟು, 1 ಎಂದು ಬರೆದ. ನವೆಂಬರ್‌ನಲ್ಲಿ ಮೊದಲ ಹಿಮ ಬಿದ್ದಾಗ ಮೇಷ್ಟ್ರನ್ನು ಕರೆದದ್ದೂ ಅವನೇ. ಹಿಮದಲ್ಲಿ ಹೆಜ್ಜೆ ಅಚ್ಚು ಹಾಕಿದಂತೆ ಕಾಣುತ್ತದೆ ಎಂದು ಯಾರೋ ಹೇಳಿದ್ದರಂತೆ.

ಇದನ್ನು ಓದುವ ಅಜ್ಜ ಅಜ್ಜಿಯರು ಎಲ್ಕ್ ನಮ್ಮಲ್ಲಿಲ್ಲವಲ್ಲ ಎನ್ನಬೇಡಿ. ನಮ್ಮ ರಾಷ್ಟ್ರೀಯ ಉದ್ಯಾನಗಳೊಳಗೆ ನಡೆದು ತಿರುಗಲು ಬಿಡುವುದಿಲ್ಲ, ಬಿಡಬಾರದು ಕೂಡ. ಆನೆ ಓಡಾಡುವ ಕಡೆ ಮಕ್ಕಳನ್ನು ಕರೆದುಕೊಂಡು ಜಾಡು ಹುಡುಕುವ ಸಾಹಸವೂ ಬೇಡ. ಆದರೆ ಕೆರೆಯ ಅಂಚಿನ ಕೆಸರು ಎಲ್ಲ ಊರಲ್ಲೂ ಇದೆ. ಬೆಳಿಗ್ಗೆ ಆರಕ್ಕೆ ಹೋಗಿ ನೋಡಿ. ಕೊಕ್ಕರೆಯ ಬೆರಳು, ಮುಂಗುಸಿಯ ಸಣ್ಣ ಉಗುರು, ನಾಯಿಯದು, ಅದೃಷ್ಟವಿದ್ದರೆ ನರಿಯದು. ಶುರು ಮಾಡುವವರು ಮನೆಯ ಆಡು, ಹಸು, ಕೋಳಿಯಿಂದಲೇ ಶುರು ಮಾಡಲಿ. ಮುಂಗಾಲ ಹೆಜ್ಜೆ ಯಾವುದು, ಹಿಂಗಾಲದ್ದು ಯಾವುದು, ನಡೆದದ್ದೋ ಓಡಿದ್ದೋ ಎಂದು ಗೊತ್ತಾಗುವ ತನಕ. ಬೇಕಾಗುವುದು ಒಂದು ಅಡಿಕೋಲು, ಪೆನ್ಸಿಲ್, ಎರಡು ಕೈಯಳತೆಯ ಲೆಕ್ಕದ ಪುಸ್ತಕ. ಜಾಡು ಓದುವವರ ರೋಚಕ ಕತೆಗಳು ಬೇಕಿದ್ದರೆ ಕೆನೆತ್ ಆಂಡರ್ಸನ್ ಬರೆದವನ್ನು ಪೂರ್ಣಚಂದ್ರ ತೇಜಸ್ವಿಯವರು ಕನ್ನಡಕ್ಕೆ ತಂದಿದ್ದಾರೆ, ಶಾಲೆಯ ಗ್ರಂಥಾಲಯದಲ್ಲಿ ಕೇಳಿ.

ಮೊನ್ನೆ ಮಾರ್ಚ್‌ನಲ್ಲಿ ಮೊಮ್ಮಗ ಫೋನ್ ಮಾಡಿದ್ದ. ಅದೇ ತಗ್ಗಿನ ಕೆಳಗೆ, ಆಸ್ಪೆನ್ ಮರಗಳ ನಡುವೆ ಉದುರಿ ಬಿದ್ದ ಒಂದು ಕೊಂಬು ಸಿಕ್ಕಿದೆ, ಆರು ಕವಲಿನದು. ಆದರೆ ತಂದಿಲ್ಲ. ಕೊಲರಾಡೋದ ಆ ಭಾಗದ ಸಾರ್ವಜನಿಕ ಕಾಡಿನಲ್ಲಿ ಜನವರಿ 1ರಿಂದ ಏಪ್ರಿಲ್ 30ರವರೆಗೆ ಉದುರಿದ ಕೊಂಬು ಹೆಕ್ಕುವಂತಿಲ್ಲ. ಚಳಿಗಾಲದಲ್ಲಿ ಸೊರಗಿದ ಪ್ರಾಣಿಗಳನ್ನು ಕೊಂಬಿನಾಸೆಗೆ ಬಂದವರು ಓಡಿಸಿ ದಣಿಸಬಾರದೆಂದು ಆ ನಿಯಮ. ಜಾಗವನ್ನು ಪುಸ್ತಕದಲ್ಲಿ ಬರೆದುಕೊಂಡು, ಅದರ ಮೇಲೆ ಒಂದು ಒಣ ಕೊಂಬೆಯನ್ನೂ ಮುಚ್ಚದೆ ಬಂದಿದ್ದಾನೆ. ಸುಣ್ಣದಂಶದ ಆಸೆಗೆ ಇಲಿ, ಮುಳ್ಳುಹಂದಿಗಳು ಕೊಂಬನ್ನು ಕಡಿದು ತಿನ್ನುತ್ತವಂತೆ. ಮೇ 1 ಬರುವಷ್ಟರಲ್ಲಿ ಎಷ್ಟು ಕವಲು ಉಳಿದಿರುತ್ತದೋ ನೋಡಬೇಕು.